ಸಹಾಯ ಬೇಕು: ಅಮ್ಮನ ಕಾಲಿನ ಜೋಮಿಗೆ ನಮ್ಮ ಡಾಕ್ಟರ್ ಸಾಕಾ, ನ್ಯೂರಾಲಜಿಸ್ಟ್ ಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದವರು. ಅಮ್ಮನಿಗೆ 62 ವರ್ಷ, ಶುಗರ್ ಬಂದು 11 ವರ್ಷ ಆಯಿತು. ಮೊದಲಿನಿಂದಲೂ ಮೆಟ್‌ಫಾರ್ಮಿನ್ ಮಾತ್ರೆ. ಎರಡು ತಿಂಗಳಿಂದ ಎರಡೂ ಪಾದ ಜೋಮು ಹಿಡಿದ ಹಾಗೆ, ರಾತ್ರಿ ಉರಿ ಬೇರೆ. ಮೊನ್ನೆ ಒಂದು ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿದೆ. ಅಮ್ಮನಿಗೆ ಗೊತ್ತೇ ಆಗಿಲ್ಲ, ಹಾಗೇ ಜಗಲಿಗೆ ಬಂದಿದ್ದಾರೆ. ನನಗೆ ಭಯ ಶುರುವಾಗಿದ್ದು ಆಗಲೇ.

ಅಣ್ಣ ಬೆಂಗಳೂರಿನಲ್ಲಿದ್ದಾನೆ. ಸೀದಾ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಬಾ ಅನ್ನುತ್ತಾನೆ. ಅಮ್ಮ ಮಾತ್ರ ನಮ್ಮ ಪೇಟೆಯ ಡಾಕ್ಟರನ್ನು ಬಿಟ್ಟು ಅಲ್ಲಾಡುವುದಿಲ್ಲ. ಅವರು ಪಾದಕ್ಕೆ ಟ್ಯೂನಿಂಗ್ ಫೋರ್ಕ್ (ಕಂಪನ ಗೊತ್ತಾಗುತ್ತದಾ ಅಂತ ನೋಡುವ ಲೋಹದ ಕವಲು) ಇಟ್ಟು ನೋಡಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ಜೊತೆಗೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಬರೆದಿದ್ದಾರೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಅದರಿಂದಲೂ ಜೋಮು ಬರುತ್ತದೆ ಅಂದರು. ನನಗೆ ಸರಿ ಅನ್ನಿಸಿತು. (ಹಿಂದೆ ನನ್ನ ಎದೆಯುರಿಗೆ ಸೀದಾ ಹಾರ್ಟ್ ಡಾಕ್ಟರ್ ಹತ್ತಿರ ಓಡಿ, ದುಡ್ಡು ಸುರಿದು, ಗ್ಯಾಸ್ಟ್ರಿಕ್ ಅನ್ನಿಸಿಕೊಂಡು ಬಂದಿದ್ದೆ!)

ಹೀಗೆ ಆದವರು ಇದ್ದರೆ ಹೇಳಿ. ರಿಪೋರ್ಟ್ ಬರುವವರೆಗೆ ಸುಮ್ನೆ ಕಾಯಬಹುದಾ? ಏನು ಕಂಡರೆ ಕಾಯದೆ ಹೊರಡಬೇಕು? ಶಿವಮೊಗ್ಗದಲ್ಲೇ ಒಳ್ಳೆಯ ನರರೋಗ ತಜ್ಞರಿದ್ದರೆ ತಿಳಿಸಿ. ಅಮ್ಮನಿಗೆ ರಾತ್ರಿ ಬಸ್ಸು ಆಗುವುದೇ ಇಲ್ಲ.