ಅಟ್ಟದಲ್ಲಿ ಸಿಕ್ಕ ಮರದ ಕ್ಯಾಮೆರಾದ ಕಾಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ:
ಮುತ್ತಜ್ಜನವರದೆಂದು ಮನೆಯಲ್ಲಿ ಹೇಳಿಕೊಂಡು ಬಂದಿರುವ ಮರದ ಮಡಚು ಕ್ಯಾಮೆರಾ ಒಂದು ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ನಡುವೆ ಚರ್ಮದ ತಿದಿ, ಹಿಂದೆ 6½ × 8½ ಇಂಚಿನ ಉಜ್ಜುಗಾಜು ಇವೆ. ಲೆನ್ಸಿನ ಮೇಲೆ ಲಂಡನ್ನಿನ ಲೆನ್ಸ್ ತಯಾರಕ ಡಾಲ್ಮೇಯರ್ ಹೆಸರಿದೆ, ಮರದ ಮೇಲೆ ಯಾವ ಹೆಸರೂ ಇಲ್ಲ. ಇದನ್ನು 1870ರ ಸುಮಾರಿನದೆಂದು ಭಾವಿಸಬಹುದೇ?

ಉತ್ತರ 1:
ಲೆನ್ಸಿನ ಹೆಸರನ್ನು ನಂಬಿ ಕ್ಯಾಮೆರಾದ ಕಾಲವನ್ನು ಹೇಳಬೇಡಿ. ಲೆನ್ಸ್ ಕೂರುವ ಹಲಗೆಯನ್ನು ಬದಲಿಸಿದರೆ ಯಾವ ಲೆನ್ಸನ್ನಾದರೂ ಯಾವ ಕ್ಯಾಮೆರಾಕ್ಕಾದರೂ ಜೋಡಿಸಬಹುದಾಗಿತ್ತು. ಸ್ಟುಡಿಯೋದವರು ಒಳ್ಳೆಯ ಲೆನ್ಸನ್ನು ಉಳಿಸಿಕೊಂಡು ಮರದ ಪೆಟ್ಟಿಗೆಯನ್ನಷ್ಟೇ ಬದಲಿಸುತ್ತಿದ್ದುದೂ ಉಂಟು. ಲೆನ್ಸಿನ ಕೊಳವೆಯ ಮೇಲ್ಭಾಗದಲ್ಲಿ ಸೀಳು ಇದೆಯೇ? ಅದು 1858ರಲ್ಲಿ ಜಾನ್ ವಾಟರ್‌ಹೌಸ್ ಸೂಚಿಸಿದ, ಬೆಳಕನ್ನು ಹೆಚ್ಚುಕಡಿಮೆ ಮಾಡಲು ತೂತಿನ ತಗಡುಗಳನ್ನು ತೂರಿಸುವ ಕ್ರಮ. ಸೀಳಿನ ಬದಲು ಅದೇ ಕೆಲಸಕ್ಕೆ ತಿರುಗಿಸುವ ಉಂಗುರವಿದ್ದರೆ ಲೆನ್ಸ್ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳದು, ಇಲ್ಲವೇ ಇನ್ನೂ ಈಚಿನದು.

ಉತ್ತರ 2:
ನನ್ನ ಮಟ್ಟಿಗೆ ಮರವೇ ಹೆಚ್ಚು ಮಾತಾಡುತ್ತದೆ. ಒದ್ದೆ ಪ್ಲೇಟಿನ, ಅಂದರೆ ರಾಸಾಯನಿಕ ಬಳಿದ ಗಾಜನ್ನು ಒದ್ದೆಯಿರುವಾಗಲೇ ಬಳಸುತ್ತಿದ್ದ ಕಾಲದ ಕ್ಯಾಮೆರಾದಲ್ಲಿ ಪ್ಲೇಟಿನಿಂದ ತೊಟ್ಟಿಕ್ಕಿದ ಸಿಲ್ವರ್ ನೈಟ್ರೇಟ್ ಹಿಂಭಾಗದ ಕೆಳ ಚೌಕಟ್ಟಿನಲ್ಲಿ ಕಪ್ಪು ಕಲೆಗಳನ್ನು ಬಿಟ್ಟಿರುತ್ತದೆ. ಪುಸ್ತಕದಂತೆ ತೆರೆದು ಎರಡು ಗಾಜುಗಳನ್ನು ಇಡುವ ಹೋಲ್ಡರ್‌ಗಳು ಒಣ ಪ್ಲೇಟಿನ, ಅಂದರೆ ಮೊದಲೇ ಬಳಿದು ಒಣಗಿಸಿಟ್ಟ ಗಾಜಿನ ಗುರುತು. ಒಣ ಪ್ಲೇಟುಗಳು ಮಾರುಕಟ್ಟೆಯಲ್ಲಿ ಹರಡಿದ್ದು 1870ರ ದಶಕದ ಕೊನೆಯಲ್ಲಿ. ಮುಂಭಾಗ ಸ್ಥಿರವಾಗಿದ್ದು ಹಿಂಭಾಗವೇ ಸರಿಯುವ ವಿನ್ಯಾಸ ಹಳೆಯದು. ಮುಂಭಾಗವೇ ಹಲಗೆಯ ಮೇಲೆ ಮುಂದಕ್ಕೆ ಸರಿಯುವ ಹಗುರವಾದ ಮಡಚು ವಿನ್ಯಾಸಕ್ಕೆ 1882ರ ಜಾರ್ಜ್ ಹೇರ್ ಕ್ಯಾಮೆರಾ ಮಾದರಿಯಾಯಿತು, ಬ್ರಿಟನ್ನಿನ ಹಲವು ತಯಾರಕರು ಅದನ್ನೇ ಅನುಸರಿಸಿದರು.

ಪ್ರಶ್ನೆ ಕೇಳಿದವರು:
ಕಲೆಗಳಿಲ್ಲ. ಹೋಲ್ಡರ್‌ಗಳು ಪುಸ್ತಕದಂತೆಯೇ ತೆರೆಯುತ್ತವೆ, ಮುಂಭಾಗ ಸರಿಯುತ್ತದೆ, ಲೆನ್ಸಿಗೆ ಉಂಗುರವಿದೆ. ಕೀಲಿನ ಎರಡು ಸ್ಕ್ರೂಗಳ ತಲೆಯಲ್ಲಿ ಮಾತ್ರ ಕೂಡಿಸುವ ಚಿಹ್ನೆಯಂತಹ ಗೀರಿದೆ.

ಉತ್ತರ 2:
ಹಾಗಿದ್ದರೆ 1870 ಎಂಬುದನ್ನು ಕೈಬಿಡಿ. ಅಂತಹ ಸ್ಕ್ರೂಗಳು ಬಳಕೆಗೆ ಬಂದದ್ದು 1930ರ ದಶಕದ ಮಧ್ಯಭಾಗದಿಂದ. ಎರಡೇ ಇರುವುದರಿಂದ ಅದು ದುರಸ್ತಿಯೂ ಆಗಿರಬಹುದು. ಆ ಕೀಲಿನ ಪಟ್ಟಿಯನ್ನು ಬಿಚ್ಚಿ, ಅಡಿಯಲ್ಲಿ ಹಳೆಯ ತೂತುಗಳನ್ನು ಮುಚ್ಚಿದ ಗುರುತಿದೆಯೇ ನೋಡಿ.

ಉತ್ತರ 3:
ಇನ್ನೊಂದು ಸಾಧ್ಯತೆಯನ್ನು ಮರೆಯಬಾರದು. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ ವಾಗೀಶ್ವರಿ ಕ್ಯಾಮೆರಾಗಳು ಮರ, ಹಿತ್ತಾಳೆ, ತಿದಿಗಳ ಇದೇ ಸಂಪ್ರದಾಯದವು, ಮತ್ತು ನಮ್ಮ ಕಡೆಯ ಮಾರಾಟಗಾರರು ಇಂತಹವನ್ನು ವಿಕ್ಟೋರಿಯಾ ಕಾಲದವೆಂದು ಹೇಳುವುದುಂಟು. ಮರ ತೇಗವೆಂದ ಮಾತ್ರಕ್ಕೆ ಭಾರತದ್ದೆನ್ನಲಾಗದು, ಏಕೆಂದರೆ ಉಷ್ಣವಲಯಕ್ಕೆಂದು ಬ್ರಿಟಿಷರೂ ತೇಗವನ್ನು ಬಳಸುತ್ತಿದ್ದರು. ಹೋಲ್ಡರ್‌ಗಳ ಒಳಬದಿ, ತಳಹಲಗೆಯ ಅಡಿ, ಉಜ್ಜುಗಾಜಿನ ಚೌಕಟ್ಟುಗಳಲ್ಲಿ ಒತ್ತಿದ ಅಂಕಿ ಅಥವಾ ಹೆಸರನ್ನು ಹುಡುಕಿ. ಅಲ್ಲಿಯವರೆಗೆ ಹಿತ್ತಾಳೆಗೆ ಪಾಲಿಶ್ ಹಾಕಬೇಡಿ.