ಸಹಾಯ ಬೇಕು: ಜಾಮೀನು ಕಟ್ಟಿದರೂ ತಮ್ಮನನ್ನು ಬಿಡುತ್ತಿಲ್ಲ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಮ್ಮನ ಮಗ ಪೆನ್ಸಿಲ್ವೇನಿಯಾದ ಒಂದು ಕೌಂಟಿ ಜೈಲಿನಲ್ಲಿದ್ದಾನೆ. ಕೆಲಸ ಹೋಗಿ ವೀಸಾ ಅವಧಿ ಮುಗಿದಿತ್ತು. ಸಣ್ಣ ಕೇಸೊಂದರಲ್ಲಿ ಪೊಲೀಸರು ಹಿಡಿದರು. ನಿನ್ನೆ ಸಂಜೆಯೇ ಜಾಮೀನು ಕಟ್ಟಿದೆವು. ಆದರೂ ಬಿಡುತ್ತಿಲ್ಲ. ಕೇಳಿದರೆ 'ಐಸ್ ಡಿಟೇನರ್ ಬಂದಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ' ಅನ್ನುತ್ತಾರೆ. ಐಸ್ (ICE) ಅಂದರೆ ಅಮೆರಿಕದ ವಲಸೆ ಜಾರಿ ಇಲಾಖೆ.

ರಾತ್ರಿಯಿಡೀ ಕೂತು ಓದಿದೆ. ಡಿಟೇನರ್ ಅಂದರೆ 48 ಗಂಟೆವರೆಗೆ ಹಿಡಿದಿಡಿ ಎಂದು ಐಸ್ ಜೈಲಿಗೆ ಕಳಿಸುವ ಕೋರಿಕೆ, ಆದೇಶ ಅಲ್ಲ. 2014ರಲ್ಲಿ ಗಲಾರ್ಜಾ ಕೇಸಿನಲ್ಲಿ ಥರ್ಡ್ ಸರ್ಕ್ಯೂಟ್ ಕೋರ್ಟೇ (ಫೆಡರಲ್ ಮೇಲ್ಮನವಿ ಕೋರ್ಟು) ಹೀಗೆ ಹೇಳಿದೆ. ಪೆನ್ಸಿಲ್ವೇನಿಯಾ ಆ ಕೋರ್ಟಿನ ವ್ಯಾಪ್ತಿಗೇ ಬರುತ್ತದೆ. ಆ ಕೇಸಿನಲ್ಲಿ ಇದೇ ಪೆನ್ಸಿಲ್ವೇನಿಯಾದ ಲೀಹೈ ಕೌಂಟಿ ಹಿಡಿದಿಟ್ಟಿದ್ದು ನ್ಯೂಜೆರ್ಸಿಯಲ್ಲೇ ಹುಟ್ಟಿದ ಅಮೆರಿಕದ ಪ್ರಜೆಯನ್ನು, ಅದೂ ಜಾಮೀನು ಕಟ್ಟಿದ ಮೇಲೆ! ಐಸ್ ಕೇಳಿತು ಅಂತ ಕೌಂಟಿ ಜವಾಬ್ದಾರಿಯಿಂದ ಜಾರಿಕೊಳ್ಳುವ ಹಾಗಿಲ್ಲ ಅಂದಿತು ಕೋರ್ಟು. ಅದೇ ವರ್ಷ ಒರೆಗಾನ್‌ನ ಕ್ಲಾಕಮಸ್ ಕೌಂಟಿಯ ವಿರುದ್ಧವೂ ಇಂಥದ್ದೇ ತೀರ್ಪು ಬಂತು.

ನಮ್ಮ ಹುಡುಗನ ವಾರಂಟಿಗೆ ಸಹಿ ಹಾಕಿರುವುದು ಐಸ್ ಅಧಿಕಾರಿ, ಜಡ್ಜ್ ಅಲ್ಲ. ಇದು ಮುಖ್ಯ ಅಲ್ವಾ?

ವಲಸೆ ಕಾನೂನು, ನಾಗರಿಕ ಹಕ್ಕು ಎರಡೂ ಗೊತ್ತಿರುವ ವಕೀಲರು ಯಾರಾದರೂ ಪರಿಚಯ ಇದ್ದಾರಾ? ಕೌಂಟಿಯ ಸಾಲಿಸಿಟರ್‌ಗೆ (ಕೌಂಟಿಯ ವಕೀಲರಿಗೆ) ಪತ್ರ ಬರೆಸಿ ಬಿಡಿಸಿಕೊಂಡವರು ಇದ್ದೀರಾ? ವಕೀಲರು ಸಿಗುವವರೆಗೆ ಯಾವುದಕ್ಕೂ ಸಹಿ ಹಾಕಬೇಡ ಅಂತ ಅವನಿಗೆ ಹೇಳಿದ್ದೇವೆ. ಮೈಸೂರಲ್ಲಿ ಚಿಕ್ಕಮ್ಮ ಊಟ ಬಿಟ್ಟು ಕೂತಿದ್ದಾರೆ. ಸಮಯ ಜಾಸ್ತಿ ಇಲ್ಲ, ದಯವಿಟ್ಟು ಇವತ್ತೇ ಮೆಸೇಜ್ ಮಾಡಿ.