ಯಂತ್ರ ಆಮೇಲೆ, ಮೊದಲು ಕಾಳು ಕೊಳ್ಳಲು ದುಡ್ಡು

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಸುದ್ದಿಯನ್ನು ಈಗ ಓದಿದೆ. ಟೈಪ್ ಮಾಡುತ್ತ ಕೂತರೆ ಸಂಜೆಯಾಗುತ್ತದೆ, ಹಾಗಾಗಿ ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೆ ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದ ಸುದ್ದಿ ಅದು. ಅದರ ಕೆಳಗೆ ನೀನು ಬರೆದಿದ್ದೀಯ: ಬೆಂಗಳೂರು, ಪುಣೆಯಲ್ಲಿರುವವರೆಲ್ಲ ದುಡ್ಡು ಕೂಡಿಸಿ ನಮ್ಮೂರ ಹೆಣ್ಣುಮಕ್ಕಳ ಸಂಘಕ್ಕೂ ಸಿರಿಧಾನ್ಯದ ಸಿಪ್ಪೆ ತೆಗೆಯುವ ಯಂತ್ರ ಕೊಡಿಸೋಣ, ದೀಪಾವಳಿಗೆ ಬಂದಾಗ ಉದ್ಘಾಟನೆ ಮಾಡೋಣ ಎಂದು. ಓದಿದವರೆಲ್ಲ ಹೆಬ್ಬೆಟ್ಟು ಒತ್ತಿದ್ದೀರಿ. ಯಂತ್ರ ಇಡಲು ಹಳೆಯ ದನದ ಕೊಟ್ಟಿಗೆ ಕೊಡುತ್ತೇನೆ ಎಂದು ಕಾಕಾ ಹೇಳಿದ್ದಾರೆ. ಸಂಘದ ಲೆಕ್ಕ ಬರೆಯುವವಳು ನಾನು, ನನ್ನನ್ನು ಒಬ್ಬರೂ ಕೇಳಲಿಲ್ಲ. ಇರಲಿ, ಕೇಳದಿದ್ದರೂ ಹೇಳುತ್ತೇನೆ.

ನಿಮ್ಮ ದುಡ್ಡು ಬೇಡ ಎನ್ನುತ್ತಿಲ್ಲ. ಯಂತ್ರಕ್ಕೆ ಬೇಡ, ಕಾಳು ಕೊಳ್ಳಲು ಕೊಡಿ. ಅದನ್ನೂ ಸಾಲವಾಗಿ ಕೊಡಿ, ದಾನವಾಗಿ ಬೇಡ.

ಏಕೆಂದು ಕೇಳಿ. ಜೋಳ, ರಾಗಿ, ಸಜ್ಜೆಗೆ ಸಿಪ್ಪೆಯ ಕಾಟ ಇಲ್ಲ. ಕೇರಿ, ಹಸನು ಮಾಡಿ ಗಿರಣಿಗೆ ಒಯ್ದರೆ ಹಿಟ್ಟು. ಸಾವೆ, ನವಣೆ, ಬರಗು, ಊದಲು, ಹಾರಕ, ಕೊರಲೆ ಹಾಗಲ್ಲ. ಅವುಗಳ ಸಿಪ್ಪೆ ಕಾಳಿಗೆ ಕಚ್ಚಿಕೊಂಡಿರುತ್ತದೆ. ಅವ್ವ ಸಾವೆ ಕುಟ್ಟುತ್ತಿದ್ದದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಚಿಕ್ಕವನು. ಒರಳಿಗೆ ಹಾಕಿ ಒನಕೆಯಿಂದ ಕುಟ್ಟುವುದು, ಮೊರದಲ್ಲಿ ಕೇರುವುದು, ಸಿಪ್ಪೆ ಬಿಡದೆ ಉಳಿದದ್ದನ್ನು ಮತ್ತೆ ಒರಳಿಗೆ ಸುರಿಯುವುದು. ಇಷ್ಟಾದರೂ ಊಟಕ್ಕೆ ಕೂತಾಗ ಸಿಪ್ಪೆಯ ಕಾಳು ಒಂದೆರಡು ಹಲ್ಲಿಗೆ ಸಿಕ್ಕೇ ಸಿಗುತ್ತಿತ್ತು, ಅದಕ್ಕೆ ಬೈಗುಳ ಕುಟ್ಟಿದವಳಿಗೆ. ರೇಷನ್ ಅಕ್ಕಿ ಬಂದ ಮೇಲೆ ಹೆಂಗಸರು ಒನಕೆ ಕೆಳಗಿಟ್ಟರು, ಹೊಲದಲ್ಲಿ ಸಾವೆಯೂ ಕಡಿಮೆಯಾಯಿತು. ಇದನ್ನು ಸಂಸ್ಕೃತಿ ಹಾಳಾಯಿತು ಎಂದು ಅಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ರಟ್ಟೆ ನೋಯಲಿಲ್ಲವಲ್ಲ.

ಈಗ ಸಾವೆ ಮತ್ತೆ ಬಿತ್ತುತ್ತಿದ್ದಾರೆ. 2023 ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆ ಘೋಷಿಸಿತು, ಪೇಟೆಯ ಅಂಗಡಿಗಳಲ್ಲಿ ಪೊಟ್ಟಣಗಳು ಬಂದವು. ಆದರೆ ಬೆಳೆದವರ ಕೈಗೆ ಬಂದದ್ದೆಷ್ಟು? ನಮ್ಮ ಭಾಗದ ಕಾಳು ವ್ಯಾಪಾರಿಗಳ ಲಾರಿ ಹತ್ತಿ ನಾಸಿಕ್ ಕಡೆಯ ಗಿರಣಿಗಳಿಗೆ ಹೋಗಿ, ಸಿಪ್ಪೆ ತೆಗೆದ ಅಕ್ಕಿಯಾಗಿ ಮರಳಿ ಬರುತ್ತದೆ. ಒಂದು ಕ್ವಿಂಟಲ್ ಸಾವೆಗೆ ಸುಮಾರು 60 ಕಿಲೋ ಅಕ್ಕಿ ಸಿಗುತ್ತದೆ. ಸಿಪ್ಪೆ, ತೌಡು, ನುಚ್ಚು, ಸಾಗಣೆ ಎಲ್ಲ ಕಳೆದ ಮೇಲೂ ಅಕ್ಕಿಯ ದರ ಕಾಳಿನ ದರಕ್ಕಿಂತ ಸಾಕಷ್ಟು ಹೆಚ್ಚು. ಆ ನಡುವಿನ ದುಡ್ಡು ಊರಿನಲ್ಲೇ ಉಳಿಯಬೇಕು ಎನ್ನುವ ನಿನ್ನ ಲೆಕ್ಕ ಸರಿ ಇದೆ. ಎಡವಿದ್ದು ಎಲ್ಲಿ ಎಂದರೆ, ಯಂತ್ರ ಬಂದರೆ ಕಾಳು ತಾನೇ ಬರುತ್ತದೆ ಎಂದುಕೊಂಡದ್ದು.

ನಮ್ಮ ಕಡೆ ಸುಗ್ಗಿಯಲ್ಲಿ ಆಗುವುದೇ ಬೇರೆ. ಸಾವೆ ಕಣಕ್ಕೆ ಬರುವ ಹೊತ್ತಿಗೆ ಗೊಬ್ಬರದ ಅಂಗಡಿಯ ಬಾಕಿ ಇರುತ್ತದೆ, ಮಕ್ಕಳ ಶಾಲೆಯ ಫೀಸು ಇರುತ್ತದೆ. ಏಜೆಂಟ್ ನಗದು ಹಿಡಿದುಕೊಂಡು ಕಣದಲ್ಲೇ ನಿಂತಿರುತ್ತಾನೆ. ಸಂಘದವರು ಹೋಗಿ "ಅಕ್ಕಾ, ನಮಗೆ ಕೊಡು, ಮಾರಿದ ಮೇಲೆ ದುಡ್ಡು ಕೊಡುತ್ತೇವೆ" ಎಂದರೆ ಯಾರು ಕೇಳುತ್ತಾರೆ? ನೀನು ಹೇಳುವ ದೀಪಾವಳಿಯ ಹೊತ್ತಿಗೆ ಕಾಳೆಲ್ಲ ಊರು ಬಿಟ್ಟು ಹೋಗಿರುತ್ತದೆ. ಉದ್ಘಾಟನೆಗೆ ರಿಬ್ಬನ್ ಇರುತ್ತದೆ, ಯಂತ್ರಕ್ಕೆ ಹಾಕಲು ಕಾಳು ಇರುವುದಿಲ್ಲ. ಇದು ನನ್ನ ಕಲ್ಪನೆಯಲ್ಲ. ಪಕ್ಕದ ಊರಿನ ಸಂಘಕ್ಕೆ ದಾನಿಗಳೊಬ್ಬರು ಕೊಡಿಸಿದ ಯಂತ್ರದ ಮೇಲೆ ಈಗ ಮೆಣಸಿನಕಾಯಿ ಚೀಲ ಒಟ್ಟಿದ್ದಾರೆ. ಹೋಗಿ ನೋಡಬಹುದು.

ತೀರ್ಥದವರ ಸುದ್ದಿಯಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಸೋಲಾರ್ ಯಂತ್ರ. ನನ್ನ ಕಣ್ಣು ಹೋದದ್ದು ಬೀಜ ಬ್ಯಾಂಕಿನ ಕಡೆಗೆ. ಸಂಘ ಶುರುವಾದದ್ದು 2018ರಲ್ಲಿ. ಸಹಜ ಸಮೃದ್ಧದಂತಹ ಸಂಸ್ಥೆ ಬೆನ್ನಿಗೆ ನಿಂತಿತು, ಹೆಂಗಸರು ದೇಸಿ ಬೀಜ ಕೂಡಿಟ್ಟು ಸುತ್ತಲಿನ ರೈತರಿಗೆ ಹಂಚಿದರು. ಬೀಜ ಒಯ್ದವರು ಬೆಳೆ ತೆಗೆದಾಗ ಸಂಘದ ಕಡೆ ತಿರುಗಿ ನೋಡುತ್ತಾರೆ. ಊರಿಗೂ ಸಂಘಕ್ಕೂ ಕೊಡುಕೊಳ್ಳುವ ಸಂಬಂಧ ಬೆಳೆದಿದ್ದರೆ ಮಾತ್ರ ಯಂತ್ರಕ್ಕೆ ಕೆಲಸ ಇರುತ್ತದೆ. ನಮ್ಮ ಸಂಘದಲ್ಲಿ ಈಗ ಇರುವುದು ಉಳಿತಾಯ, ಒಳಸಾಲ, ವಾರದ ಸಭೆ. ಬೀಜದ ಕೆಲಸವನ್ನು ನಮ್ಮ ವೈನಿ ಒಬ್ಬರೇ ಮಾಡುತ್ತಾರೆ. ಬೂದಿ ಕಲಸಿ, ಬೇವಿನ ಎಲೆ ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಇಟ್ಟ ಅವರ ನವಣೆ ಬೀಜ ಕೇಳಿಕೊಂಡು ಈ ವರ್ಷ ಮೂರೂರಿನವರು ಬಂದಿದ್ದರು. ಅವರ ಮನೆಯವರೇ ಇದನ್ನು ಗಮನಿಸಿದಂತಿಲ್ಲ. ಅಣ್ಣ ಈ ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಯಂತ್ರವನ್ನೇ ಮುಂದೆ ಕೊಳ್ಳಬೇಕಾದರೂ ದಾನಿಗಳು ಬೇಕಾಗಿಲ್ಲ. ಕಿರು ಆಹಾರ ಸಂಸ್ಕರಣೆಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಬಂದಾಗ ಬ್ಯಾಂಕ್ ಸಾಲದಿಂದ ಹಾಕುವ ಘಟಕದ ವೆಚ್ಚಕ್ಕೆ ಶೇ. 35ರ ಸಹಾಯಧನ ಇಟ್ಟಿದ್ದರು, ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವನ್ನೂ, ಅಂದರೆ ಶುರುವಿನ ಬಂಡವಾಳವನ್ನೂ, ಇಟ್ಟಿದ್ದರು. ಈ ಸಲದ ನಿಯಮ ಏನೆಂದು ಕೃಷಿ ಕಚೇರಿಯಲ್ಲಿ ಕೇಳಿ ಬರುತ್ತೇನೆ. ಸರ್ಕಾರದ ಸಂಜೀವಿನಿ ಯೋಜನೆಯ ಒಕ್ಕೂಟದಲ್ಲಿರುವ ಸಂಘಗಳಿಗೆ ಬ್ಯಾಂಕು 3 ಲಕ್ಷದವರೆಗೆ ಸಾಲವನ್ನು ಶೇ. 7ರ ಬಡ್ಡಿಗೆ ಕೊಡಬೇಕು. ಕೊಡಬೇಕು ಎಂದೆ, ಕೊಡುತ್ತಾರೆ ಎನ್ನಲಿಲ್ಲ. ಒಂದು ಬ್ಯಾಂಕಿನಲ್ಲಿ ನಮ್ಮ ಸಂಘದವರಿಗೆ ಗಂಡಂದಿರನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದರು. ಆ ನಿಯಮ ಯಾವ ಸುತ್ತೋಲೆಯಲ್ಲಿದೆ, ತೋರಿಸಿ ಎಂದು ನಾನು ಕೌಂಟರ್ ಬಿಟ್ಟು ಕದಲಲಿಲ್ಲ. ಇಂಥ ಅಲೆದಾಟಕ್ಕೆ ಬೇಸತ್ತೇ ಹೆಂಗಸರು ಮನೆ ಬಾಗಿಲಿಗೆ ಬರುವ ಮೈಕ್ರೋಫೈನಾನ್ಸಿನವರ ಕೈಗೆ ಬೀಳುವುದು. ವಸೂಲಿಯ ಕಾಟ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಓಣಿಯಲ್ಲೇ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನವೇ ಕಂತಿಗೆ ಹೋಗುವ ಮನೆಗಳಿವೆ.

ಇನ್ನು ಕಾಕಾ, ನಿಮ್ಮ ಕೊಟ್ಟಿಗೆಯ ಮಾತು. ದೊಡ್ಡ ಮನಸ್ಸಿನಿಂದ ಹೇಳಿದ್ದೀರಿ, ಅದು ಗೊತ್ತು. ಆದರೆ ಜಾಗ ನಿಮ್ಮದು, ಮೀಟರ್ ನಿಮ್ಮ ಹೆಸರಿನದು, ಬೀಗದ ಕೈ ನಿಮ್ಮ ಸೊಂಟದಲ್ಲಿ ಇರುವಾಗ ಯಂತ್ರ ಸಂಘದ್ದು ಎಂದು ಹೇಗೆ ಹೇಳುವುದು? ಕೊಡುವುದಾದರೆ ಹತ್ತು ವರ್ಷದ ಕರಾರು ಬರೆದುಕೊಡಿ, ಬಾಡಿಗೆಯನ್ನೂ ತೆಗೆದುಕೊಳ್ಳಿ. ಪುಕ್ಕಟೆ ಬೇಡ.

ಬೇಸರ ಮಾಡಿಕೊಳ್ಳದಿದ್ದರೆ ಇನ್ನೊಂದು. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲಿದೆ. ತೀರಿದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿಲ್ಲ. ಹೊಲಕ್ಕೆ ಹೋಗುವವರು ಕಾಕು ಮತ್ತು ವೈನಿ, ಬಿತ್ತನೆ, ಕಳೆ, ಕೊಯ್ಲು ಎಲ್ಲವೂ ಅವರದೇ. ಆದರೆ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಎಫ್‌ಐಡಿ ಎನ್ನುವ ರೈತರ ಗುರುತಿನ ಸಂಖ್ಯೆ ಇಲ್ಲ, ಅದಿಲ್ಲದಿದ್ದರೆ ಸಾವೆ, ನವಣೆಯಂಥ ಸಿರಿಧಾನ್ಯಕ್ಕೆ ರಾಜ್ಯದ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ ಘೋಷಿಸಿದ 10,000 ರೂಪಾಯಿಯೂ ಇಲ್ಲ, ಬೆಳೆ ಸಾಲವೂ ಇಲ್ಲ. ನಮ್ಮ ಮನೆಯೊಂದರ ಕಥೆಯಲ್ಲ ಇದು. 2015–16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿದಾರರ ಪೈಕಿ ಹೆಂಗಸರು ಹೆಚ್ಚುಕಡಿಮೆ ಶೇ. 14 ಮಾತ್ರ. ಕಾನೂನು ಇಲ್ಲವೆಂದಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ಮಾಡಿತು, 2005ರಲ್ಲಿ ಕೇಂದ್ರ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಪಾಲು ಸಿಗಲು ಅಪ್ಪ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ನಾನು ನನ್ನ ಪಾಲು ಕೇಳಲು ಬಂದಿದ್ದೇನೆ ಎಂದು ಯಾರೂ ಗಾಬರಿಯಾಗಬೇಡಿ, ಅದನ್ನು ಬೇರೆ ದಿನ ಕೇಳುತ್ತೇನೆ. ಈಗ ಹೇಳುತ್ತಿರುವುದು ಪೌತಿ ಮಾಡಿಸಿದ ಮೇಲೆ ಕಾಕು ಮತ್ತು ವೈನಿಯ ಹೆಸರನ್ನೂ ಜಂಟಿಯಾಗಿ ಸೇರಿಸಿ, ಅದಕ್ಕೆ ಯಾವ ಕಾಗದ ಬೇಕೆಂದು ವಕೀಲರನ್ನು ಕೇಳಿ ಎಂದು. ಹೆಣ್ಣುಮಕ್ಕಳಿಗೆ ಯಂತ್ರ ಕೊಡಿಸುವ ಉತ್ಸಾಹ ಇರುವ ಮನೆಗೆ ಇದು ದೊಡ್ಡ ಕೆಲಸವಲ್ಲ.

ನಿಮ್ಮ ದುಡ್ಡಿನ ವಿಚಾರಕ್ಕೆ ಬರುತ್ತೇನೆ. ಕೊಯ್ಲಿಗೆ ಮುಂಚೆ ಸಂಘದ ಖಾತೆಗೆ ಹಾಕಿ. ಸಭೆಯಲ್ಲಿ ಠರಾವು ಮಾಡಿ, ಕಣದಲ್ಲೇ ತೂಕ ಹಾಕಿ, ನಗದು ಕೊಟ್ಟು ಕೊಳ್ಳುತ್ತೇವೆ. ಕಾಳನ್ನು ಸಿಪ್ಪೆ ಸಮೇತ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಅಕ್ಕಿ ಮಾಡಿದ ಮೇಲೆ ಮಾತ್ರ ತೌಡಿನ ಎಣ್ಣೆ ಕಮಟು ಹಿಡಿಯುತ್ತದೆ. ಆದ್ದರಿಂದ ಆರ್ಡರ್ ಬಂದಷ್ಟೇ ಬೇರೆಯವರ ಗಿರಣಿಯಲ್ಲಿ ಬಾಡಿಗೆಗೆ ಹೊಡೆಸಿ ಮಾರುತ್ತೇವೆ. ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟುಗಳಲ್ಲಿ ತಿಂಗಳ ಆರ್ಡರ್ ಹಿಡಿದುಕೊಡಿ, ಅದು ದುಡ್ಡಿಗಿಂತ ದೊಡ್ಡ ಉಪಕಾರ. ವರ್ಷ ಕಳೆದ ಮೇಲೆ ಅಸಲು ವಾಪಸು ಬರುತ್ತದೆ. ಬಡ್ಡಿ ಎಷ್ಟೆಂದು ಸಭೆ ತೀರ್ಮಾನಿಸಲಿ, ನೀವಲ್ಲ.

ಮತ್ತೆ ತಮ್ಮಾ, ಆ ಕೊಟೇಶನ್ ಕಳಿಸಿದ ಯಂತ್ರದವನಿಗೆ ಮುಂಗಡ ಕೊಡಬೇಡ. ಅವನ ವಿಡಿಯೋದಲ್ಲಿ ಹೊಡೆಯುತ್ತಿರುವುದು ನವಣೆ, ನಮ್ಮದು ಸಾವೆ, ಕಾಳು ಇನ್ನೂ ಸಣ್ಣದು. ವೇಗ ಹೆಚ್ಚಾದರೆ ನುಚ್ಚಾಗುತ್ತದೆ, ಕಡಿಮೆಯಾದರೆ ಸಿಪ್ಪೆ ಉಳಿಯುತ್ತದೆ. ವೈನಿ ಒಂದು ಚೀಲ ಸಾವೆ ಕೊಡುತ್ತಾರೆ, ಅವನು ನಮ್ಮ ಎದುರಿಗೇ ಹೊಡೆದು ತೋರಿಸಲಿ. ಯಂತ್ರದ ಬಾಯಿಂದ ಬಿದ್ದದ್ದನ್ನು ಒಂದು ಹಿಡಿ ತಟ್ಟೆಯಲ್ಲಿ ಹರಡಿ, ಎಷ್ಟು ಸಿಪ್ಪೆಕಾಳು, ಎಷ್ಟು ನುಚ್ಚು ಎಂದು ವೈನಿಯೇ ಎಣಿಸುತ್ತಾರೆ. ಅವರು ಒಪ್ಪಿದರೆ ಆಮೇಲೆ ದರದ ಮಾತು.